ನಮ್ಮ ಹೊಲದ ಮೇಲಿನ ಆಕಾಶ: ಡ್ರೋನು ಕರೆಸುವ ಮುನ್ನ



ಬಾಗಲಕೋಟೆಯ ಹೊಳೆದಂಡೆಯ ಕಬ್ಬು ಆಳೆತ್ತರ ದಾಟಿತೆಂದರೆ, ಬೆನ್ನಿಗೆ ಪಂಪು ಕಟ್ಟಿಕೊಂಡು ಒಳಹೊಕ್ಕು ಎಣ್ಣೆ ಹೊಡೆಯುವ ಆಳು ಸಿಗುವುದು ಕಷ್ಟ. ಹುನಗುಂದ, ಇಳಕಲ್ ಕಡೆಯ ಎರೆ ಹೊಲಗಳಲ್ಲಿ ತೊಗರಿ ಹೂವಿಗೆ ಬಂದಾಗ ಮಳೆ ಹಿಡಿದರೆ ನಾಲ್ಕು ದಿನ ಹೊಲದಲ್ಲಿ ಕಾಲಿಡಲಾಗದು. ಹುಳು ಮಾತ್ರ ನಮಗಾಗಿ ಕಾಯುವುದಿಲ್ಲ. ಇಂಥ ಹೊತ್ತಿನಲ್ಲಿ ಡ್ರೋನು ಎಕರೆಯೊಂದನ್ನು ಹತ್ತು ನಿಮಿಷದೊಳಗೆ ಮುಗಿಸಿಬಿಡುತ್ತದೆ. ಒಳ್ಳೆಯದೇ. ಆದರೆ ಅದನ್ನು ಹಾರಿಸುವವನಿಗೆ ಅಧಿಕಾರವಿದೆಯೇ ಎಂದು ಬಾಡಿಗೆ ಕೊಡುವ ನಾವು ಕೇಳುತ್ತಿದ್ದೇವೆಯೇ?

ನೆಲ ನಮ್ಮದಾದರೂ ಅದರ ಮೇಲಿನ ಆಕಾಶಕ್ಕೆ ಬೇರೆ ಕಾನೂನಿದೆ. ವಿಮಾನಗಳಿಗಾಗಿ ಆಕಾಶವನ್ನು ಎ ಯಿಂದ ಜಿ ವರೆಗೆ ಏಳು ವರ್ಗ ಮಾಡಿರುವುದು ಅಂತರರಾಷ್ಟ್ರೀಯ ಕ್ರಮ. ಎ ವರ್ಗದಲ್ಲಿ ಪೈಲಟ್ ಕೆಳಗಿನ ನಿಯಂತ್ರಕರ ಅಪ್ಪಣೆಯಂತೆಯೇ ನಡೆಯಬೇಕು. ಜಿ ವರ್ಗದಲ್ಲಿ ತನ್ನ ಕಣ್ಣನ್ನು ತಾನೇ ನಂಬಬೇಕು. ಡ್ರೋನುಗಳಿಗೆ ಇಷ್ಟು ಗೋಜಿಲ್ಲ. 2021ರ ಆಗಸ್ಟಿನಲ್ಲಿ ಜಾರಿಗೆ ಬಂದ ಕೇಂದ್ರದ ಡ್ರೋನ್ ನಿಯಮಗಳು ಹಸಿರು, ಹಳದಿ, ಕೆಂಪು ಎಂದು ಮೂರೇ ವಲಯ ಮಾಡಿವೆ.

ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಹಾರಿಸಲು ಯಾರ ಅಪ್ಪಣೆಯೂ ಬೇಡ. ಅದಕ್ಕಿಂತ ಮೇಲೆ ಹೋದರೆ ಹಳದಿ. ವಿಮಾನ ಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು. ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಮುಕ್ತ ಎತ್ತರ 200 ಅಡಿಗೆ ಇಳಿಯುತ್ತದೆ, 8 ಕಿ.ಮೀ. ಒಳಗೆ ಅಪ್ಪಣೆಯಿಲ್ಲದೆ ನೆಲ ಬಿಟ್ಟು ಏಳುವಂತೆಯೇ ಇಲ್ಲ. ಕೆಂಪು ವಲಯಕ್ಕೆ ಕೇಂದ್ರ ಸರಕಾರದ್ದೇ ಅನುಮತಿ ಬೇಕು.

ಹುಬ್ಬಳ್ಳಿಯ ವಿಮಾನ ನಿಲ್ದಾಣ ಬಾದಾಮಿಯಿಂದ 80 ಕಿ.ಮೀ.ಗೂ ದೂರ. ವಿಜಯಪುರದವರು ಬುರಣಾಪುರದಲ್ಲಿ ಕಟ್ಟಿರುವುದೂ ನಮ್ಮ ಜಿಲ್ಲೆಯ ಆಚೆಗೇ. ಔಷಧ ಹೊಡೆಯುವ ಡ್ರೋನಾದರೋ ಬೆಳೆಯ ಮೇಲೆ ಎರಡು ಮೂರು ಮೀಟರಿನಲ್ಲೇ ಹಾರುವಂಥದು. ಹೀಗಾಗಿ ನಮ್ಮ ಹೊಲಗಳಿಗೆ ವಿಮಾನ ನಿಲ್ದಾಣದ ಅಡ್ಡಿಯೂ ಇಲ್ಲ, ಎತ್ತರದ ಅಡ್ಡಿಯೂ ಇಲ್ಲ. ಆದರೂ ಆ ದಿನದ ಡಿಜಿಟಲ್ ಸ್ಕೈ ನಕ್ಷೆಯನ್ನು ಮೊಬೈಲಿನಲ್ಲಿ ನೋಡಿಯೇ ಯಂತ್ರ ಎತ್ತಬೇಕು. ಏಕೆಂದರೆ ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಯಾವುದೇ ಪ್ರದೇಶವನ್ನು ಒಂದು ಸಲಕ್ಕೆ 96 ತಾಸಿನವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿ ಸುತ್ತಿನವರು ಇದನ್ನು ನೆನಪಿಡುವುದು ಲೇಸು.

ನಿಜವಾದ ತೊಡಕಿರುವುದು ಆಕಾಶದಲ್ಲಲ್ಲ, ಕಾಗದದಲ್ಲಿ. ಹತ್ತು ಲೀಟರ್ ಟ್ಯಾಂಕಿನ ಡ್ರೋನು ಔಷಧ ತುಂಬಿದಾಗ ಸಾಮಾನ್ಯವಾಗಿ 2ರಿಂದ 25 ಕಿಲೋ ತೂಕದ 'ಸಣ್ಣ' ವರ್ಗಕ್ಕೆ ಸೇರುತ್ತದೆ. ಇದನ್ನು ಹಾರಿಸುವವನಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಲೇಬೇಕು. ನನ್ನ ಹೊಲ, ನನ್ನ ಡ್ರೋನು ಎಂದರೆ ಬಿಡುವುದಿಲ್ಲ. ವಯಸ್ಸು 18ರಿಂದ 65, ಹತ್ತನೆಯ ತರಗತಿ ಪಾಸು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ: ಇಷ್ಟಿದ್ದರೆ ಹತ್ತು ವರ್ಷ ನಡೆಯುವ ಪತ್ರ ಸಿಗುತ್ತದೆ. ಮದುವೆಯ ವಿಡಿಯೋ ತೆಗೆಯುವ ಹುಡುಗ ಎರಡು ಕಿಲೋ ಒಳಗಿನ ಯಂತ್ರ ಚೆನ್ನಾಗಿ ಆಡಿಸುತ್ತಾನೆಂದು ಅವನ ಕೈಗೆ ಇದನ್ನು ಕೊಡಬೇಡಿ. ಪತ್ರದಲ್ಲಿ ಯಾವ ವರ್ಗ ಬರೆದಿದೆ ಎಂಬುದನ್ನೂ ಓದಿ.

ಸರಕಾರ ನಿಯಮ ಸಡಿಲಿಸುವಾಗ 25 ಫಾರಂಗಳನ್ನು 5ಕ್ಕೆ ಇಳಿಸಿತು. ಮೆಚ್ಚಬೇಕಾದ ಮಾತು. ಆದರೆ ತರಬೇತಿಯ ವೆಚ್ಚ ಹಳ್ಳಿಯ ಹುಡುಗನಿಗೆ ಇನ್ನೂ ಭಾರವೇ. ಪತ್ರವಿಲ್ಲದೆ ಹಾರಿಸುವ ಆಸೆ ಹುಟ್ಟುವುದು ಇಲ್ಲಿಯೇ ಎಂದು ನಮ್ಮ ಅನಿಸಿಕೆ. 2023ರಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗಾಗಿ ಘೋಷಿಸಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಯಂತ್ರಕ್ಕೆ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನದ ಜೊತೆಗೆ 15 ದಿನಗಳ ತರಬೇತಿಯನ್ನೂ ಸೇರಿಸಿದರು. ಯಂತ್ರದಷ್ಟೇ ಕೈಯೂ ಮುಖ್ಯ ಎಂಬುದನ್ನು ಮನಗಂಡ ಕ್ರಮವಿದು. ಬಿಡಿ ಯುವಕರಿಗೂ ಇಂಥ ನೆರವು ತಾಲೂಕು ಮಟ್ಟದಲ್ಲೇ ದೊರೆಯಬೇಕು.

ಪತ್ರವಿಲ್ಲದವನು ಹಾರಿಸಿ ಯಂತ್ರ ಬಿದ್ದು ಪಕ್ಕದ ಹೊಲದ ಆಳಿಗೆ ಪೆಟ್ಟಾದರೆ, ಅಥವಾ ಗಾಳಿಗೆ ಕಳೆನಾಶಕ ತೂರಿ ಇನ್ನೊಬ್ಬರ ದ್ರಾಕ್ಷಿ ಪಡಕ್ಕೆ ಬಿದ್ದರೆ ಪಂಚಾಯಿತಿ ನಡೆಯುವುದು ನಿಮ್ಮ ಬಾಗಿಲಲ್ಲಿ. ನಿಯಮ ಮುರಿದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಅಪಘಾತವಾದರೆ 48 ತಾಸಿನೊಳಗೆ ವರದಿ ಮಾಡಬೇಕು. ಮೂರನೆಯವರಿಗಾಗುವ ಹಾನಿಯ ವಿಮೆಯೂ ಕಡ್ಡಾಯ.

ಆದ್ದರಿಂದ ಬಾಡಿಗೆ ಕುದುರಿಸುವ ಮುಂಚೆ ಹಾರಿಸುವವನ ಪ್ರಮಾಣಪತ್ರ, ಯಂತ್ರದ ಮೇಲಿನ ನೋಂದಣಿ ಸಂಖ್ಯೆ, ವಿಮೆಯ ಪಾಲಿಸಿ, ಈ ಮೂರನ್ನು ಕೇಳಿ ನೋಡಿ. ಸಾಚಾ ಮನುಷ್ಯ ಬೇಸರಿಸುವುದಿಲ್ಲ. 'ನಾಳೆ ತರುತ್ತೇನೆ' ಎನ್ನುವವನಿಗೆ ನಾಳೆಯೇ ಬಾ ಎನ್ನಿ.