ಸಹಿ ಇಲ್ಲದ ಚಿತ್ರಕ್ಕೆ ಬೆಲೆ ಕಟ್ಟುವುದು ಹೇಗೆ?

ನಮ್ಮ ಹೊಸೂರು ಭಾಗದ ಕನ್ನಡ ಶಾಲೆಗಳಲ್ಲಿ ಸುವರ್ಣ ಮಹೋತ್ಸವ ಬಂತೆಂದರೆ ಹಳೆ ವಿದ್ಯಾರ್ಥಿಗಳು ಏನಾದರೂ ಕೊಡುಗೆ ಕೊಡಬೇಕೆಂದು ಮುಂದೆ ಬರುತ್ತಾರೆ. ಸಂತೋಷದ ವಿಷಯ. ಈಚೆಗೆ ಅಂಥ ಒಂದು ಮಾತುಕತೆಯಲ್ಲಿ ಹೊಸ ಸಲಹೆ ಬಂತು. ಮೈಸೂರು ಶೈಲಿಯ ಹಳೆಯ ಸರಸ್ವತಿ ಚಿತ್ರವೊಂದು ಮಾರಾಟಕ್ಕಿದೆ, ಚಂದಾ ಎತ್ತಿ ಶಾಲೆಗೆ ಕೊಳ್ಳೋಣ ಎಂದು. ಮಾರುವವರ ಮಾತು ಇಷ್ಟೆ: "150 ವರ್ಷದ್ದು ಸಾರ್, ಅರಮನೆ ಚಿತ್ರಕಾರರು ಬರೆದದ್ದು. ಅದಕ್ಕೇ ಸಹಿ ಇಲ್ಲ."

ಈ ಮಾತಿನಲ್ಲಿ ಅರ್ಧ ನಿಜವಿದೆ. ಮೈಸೂರು, ತಂಜಾವೂರು ಶೈಲಿಯ ಹಳೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಸಹಿ ಇರುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಆಶ್ರಯದಲ್ಲಿ ಬರೆದ ಎಷ್ಟೋ ಚಿತ್ರಕಾರರ ಹೆಸರೇ ಉಳಿದಿಲ್ಲ. ಆದ್ದರಿಂದ ಸಹಿ ಇಲ್ಲದಿರುವುದು ಕುಂದಲ್ಲ. ಆದರೆ ಅದು ಪುರಾವೆಯೂ ಅಲ್ಲ. ಕಳೆದ ವರ್ಷ ಬರೆದ ಚಿತ್ರಕ್ಕೂ ಸಹಿ ಹಾಕದೆ ಬಿಡಬಹುದಲ್ಲವೆ?

ಹಾಗಾದರೆ ಏನನ್ನು ನೋಡಬೇಕು? ಮೊದಲು ಭೂತಗನ್ನಡಿ ಹಿಡಿಯಿರಿ. ಬಣ್ಣವೆಲ್ಲ ಸಣ್ಣ ಚುಕ್ಕೆಗಳಾಗಿ ಕಂಡರೆ ಅದು ಅಚ್ಚಿನ ಚಿತ್ರ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮರ ಮುದ್ರಣಾಲಯದ ಅಚ್ಚುಗಳಿಗೂ ಈಗ ಬೆಲೆಯಿದೆ, ಆದರೆ ಕೈಯಿಂದ ಬರೆದ ಚಿತ್ರದ ಬೆಲೆಯಲ್ಲ.

ಎರಡನೆಯದು ಚಿನ್ನದ ಕೆಲಸ. ಮೈಸೂರು ಶೈಲಿಯಲ್ಲಿ ಉಬ್ಬು ತೆಳು, ನವಿರು. ದಪ್ಪ ಉಬ್ಬು, ಗಾಜಿನ ಹರಳು ಇದ್ದರೆ ಅದು ತಂಜಾವೂರಿನ ಬಗೆ. ಅಪ್ಪಟ ಚಿನ್ನದ ರೇಕು ಕಪ್ಪಾಗುವುದಿಲ್ಲ. ಹಿತ್ತಾಳೆ ರೇಕು ಕಪ್ಪಾಗುತ್ತದೆ.

ಮೂರನೆಯದಾಗಿ ಚಿತ್ರವನ್ನು ತಿರುಗಿಸಿ ಬೆನ್ನು ನೋಡಿ. ಪ್ಲೈವುಡ್, ಸ್ಟಾರ್ ಸ್ಕ್ರೂ ಕಂಡರೆ ಅವು 150 ವರ್ಷದ ಹಿಂದಿನವಲ್ಲ. ಬೆನ್ನನ್ನು ಆಮೇಲೆ ಬದಲಿಸಿದ್ದೂ ಇರಬಹುದು. ಯಾವಾಗ, ಏಕೆ ಎಂದು ಕೇಳಿ. ಹಾಗೆಯೇ ಹಳೆಯ ಚೌಕಟ್ಟಿನೊಳಗೆ ಹೊಸ ಚಿತ್ರ ಕೂರಿಸುವುದೂ ಕಷ್ಟವಲ್ಲ. ಮೇಲೆ ಮತ್ತೆ ಬಣ್ಣ ಬಳಿದಿದ್ದರೆ ಹಳೆಯ ಚಿತ್ರಕ್ಕೂ ಬೆಲೆ ಇಳಿಯುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಕಾಗದಪತ್ರ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಚಿತ್ರ ಪ್ರಾಚೀನ ವಸ್ತು. ಅದನ್ನು ನೋಂದಾಯಿಸಿರಬೇಕು, ವ್ಯಾಪಾರ ಮಾಡುವವರಿಗೆ ಪರವಾನಗಿ ಇರಬೇಕು. 150 ವರ್ಷ ಎನ್ನುವವರನ್ನು ನೋಂದಣಿ ಪತ್ರ ಕೇಳಿ. ಇಲ್ಲ ಎಂದರೆ ಎರಡೇ ಸಾಧ್ಯತೆ. ಹೇಳಿದ ವಯಸ್ಸು ಸುಳ್ಳು, ಅಥವಾ ಕಾಯಿದೆ ಪಾಲಿಸಿಲ್ಲ. ಅಂಥದ್ದು ಯಾವ ಮಠದಿಂದ, ಯಾವ ಗುಡಿಯಿಂದ ಕಾಣೆಯಾದದ್ದೋ ಯಾರು ಬಲ್ಲರು? ಎರಡರಲ್ಲಿ ಯಾವುದಾದರೂ ಅದು ಶಾಲೆಯ ಗೋಡೆಗೆ ತಕ್ಕದ್ದಲ್ಲ.

ನಮ್ಮ ಅಭಿಪ್ರಾಯ ಸ್ಪಷ್ಟ. ಕಣ್ಣಿಗೆ ಕಾಣುವ ಕೆಲಸಕ್ಕೆ ದುಡ್ಡು ಕೊಡೋಣ, ಕಿವಿಗೆ ಬೀಳುವ ಕಥೆಗೆ ಬೇಡ. ಪತ್ರವಿಲ್ಲದಿದ್ದರೆ ಆ ಚಿತ್ರ ಬಿಟ್ಟು, ಇಂದಿಗೂ ಮೈಸೂರಿನಲ್ಲಿ ಈ ಶೈಲಿಯಲ್ಲಿ ಬರೆಯುತ್ತಿರುವ ಕಲಾವಿದರೊಬ್ಬರಿಂದ ಹೊಸ ಸರಸ್ವತಿಯನ್ನೇ ಬರೆಸೋಣ. ಕೆಳಗೆ ಅವರ ಹೆಸರಿರಲಿ. ಉಳಿದ ಹಣದಲ್ಲಿ ಮಕ್ಕಳನ್ನು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಕರೆದೊಯ್ಯೋಣ. ಹಳೆಯ ಚಿತ್ರ ಹೇಗಿರುತ್ತದೆಂದು ಅವರೇ ನೋಡಿ ಕಲಿಯಲಿ.

ಚಂದಾ ಕೊಡುವವರಲ್ಲಿ ದಿನಗೂಲಿಯವರೂ ಇದ್ದಾರೆ. ಅವರ ನೂರು ರೂಪಾಯಿಗೂ ಲೆಕ್ಕ ಹೇಳಬೇಕಾದವರು ನಾವು.