ಕಾಳಿಗಿದ್ದ ಕೆಲಸ

ನಮ್ಮ ಬಡಾವಣೆಯ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ನಾಯಿಗಳ ಟ್ರೈನಿಂಗ್ ಕ್ಲಾಸು ನಡೆಯುತ್ತದೆ. ಮೊನ್ನೆ ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಕಲಿಸುವವರ ಮಾತು ಕಿವಿಗೆ ಬಿತ್ತು. ಲ್ಯಾಬ್ರಡಾರ್ ಮರಿಯೊಂದನ್ನು ಹಿಡಿದು ನಿಂತಿದ್ದ ಹೆಣ್ಣುಮಗಳಿಗೆ ಅವರು ಹೇಳುತ್ತಿದ್ದರು: "ಮೇಡಂ, ಮೊದಲು ನೀವು ಊಟ ಮಾಡಿ, ಆಮೇಲೆ ಅದಕ್ಕೆ ಹಾಕಿ. ಬಾಗಿಲು ದಾಟೋವಾಗಲೂ ನೀವೇ ಮುಂದೆ ಹೋಗ್ಬೇಕು. ತೋಳದ ಗುಂಪಲ್ಲಿ ಒಬ್ಬನೇ ಆಲ್ಫಾ. ಅದು ನೀವು ಅಂತ ಈಗಲೇ ತೋರಿಸದೆ ಹೋದ್ರೆ, ನಾಳೆ ಅದೇ ನಿಮ್ಮ ಯಜಮಾನ ಆಗಿಬಿಡುತ್ತೆ." ಆಕೆ ಶ್ರದ್ಧೆಯಿಂದ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡರು. ಮರಿ ಹುಲ್ಲಿನಲ್ಲಿ ಏನನ್ನೋ ಮೂಸುತ್ತಿತ್ತು. ಬೆಲ್ಟು ಎಳೆದು ಅದರ ತಲೆ ಎತ್ತಿಸಿದರು.

ಆ 'ಆಲ್ಫಾ' ವಾರವೆಲ್ಲ ನನ್ನನ್ನು ಕೊರೆಯಿತು. ಈ ಅಂಕಣದ ಹಳೆಯ ಓದುಗರಿಗೆ ನನ್ನ ಜಗಳ ಗೊತ್ತು: ಹೇಳಿದ ವಿದ್ವಾಂಸನೇ ತಿದ್ದಿಕೊಂಡ ವಿಚಾರ, ಪೇಟೆಯಲ್ಲಿ ಮಾತ್ರ ತಿದ್ದುಪಡಿಯಿಲ್ಲದೆ ದಶಕಗಟ್ಟಲೆ ಓಡಾಡುವುದು. ಅಂಥವುಗಳಲ್ಲಿ ಆಲ್ಫಾ ತೋಳದ ಕಥೆ ನನಗೆ ಹೆಚ್ಚು ಸಂಕಟ ತರುತ್ತದೆ, ಏಕೆಂದರೆ ಇದರ ಏಟು ತಿನ್ನುವುದು ಬಾಯಿಲ್ಲದ ಪ್ರಾಣಿ.

ಪ್ರಾಣಿಗಳ ನಡವಳಿಕೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ಕಂಡದ್ದನ್ನು ಅವರು ನಿಷ್ಠೆಯಿಂದ ಬರೆದರು: ಗುಂಪಿನಲ್ಲಿ ಸತತ ಕಾದಾಟ, ಗೆದ್ದವರ ದರ್ಬಾರು, ಸೋತವರ ಅಂಜಿಕೆ. ಆದರೆ ಅವು ಕಾಡಿನಲ್ಲಿ ತಾವಾಗಿ ಕೂಡಿದ ತೋಳಗಳಲ್ಲ. ಇಕ್ಕಟ್ಟಾದ ಆವರಣದಲ್ಲಿ ಕೂಡಿಹಾಕಿದವು. ಕಾಡಿನ ತೋಳವಾದರೆ ಬೆಳೆದ ಮೇಲೆ ಗುಂಪು ಬಿಟ್ಟು ಹೊರಟುಬಿಡುತ್ತದೆ. ಇಲ್ಲಿ ಹೊರಡುವುದೆಲ್ಲಿಗೆ? ಅಮೆರಿಕದ ಡೇವಿಡ್ ಮೀಚ್ 1970ರಲ್ಲಿ ಬರೆದ ತೋಳಗಳ ಬಗೆಗಿನ ದೊಡ್ಡ ಗ್ರಂಥದಲ್ಲಿ ಈ ಚಿತ್ರವನ್ನೇ ಮುಂದುವರಿಸಿದರು, ಪುಸ್ತಕ ಜಗತ್ತಿನಾದ್ಯಂತ ಮಾರಾಟವಾಯಿತು. ಆಮೇಲೆ ಅದೇ ಮೀಚ್ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಗಿ, ಬೇಸಿಗೆಯ ಮೇಲೆ ಬೇಸಿಗೆ ಕಾಡುತೋಳಗಳ ಪಕ್ಕದಲ್ಲೇ ಬಿಡಾರ ಹೂಡಿದರು. ಅಲ್ಲಿ ಅವರು ಕಂಡದ್ದು ಒಂದು ಸಂಸಾರ. ಮುಂದಾಳುಗಳು ಅಪ್ಪ ಅಮ್ಮ. ಹಿಂಬಾಲಿಸುವವು ಈ ವರ್ಷದ ಮತ್ತು ಹಿಂದಿನ ವರ್ಷದ ಮಕ್ಕಳು. ಪಟ್ಟಕ್ಕಾಗಿ ಕಾದಾಡುವ ಪ್ರಮೇಯವೇ ಅಲ್ಲಿ ಬಹುಮಟ್ಟಿಗೆ ಏಳುವುದಿಲ್ಲ. 1999ರಲ್ಲಿ ಮೀಚ್ ಒಂದು ಪ್ರಬಂಧ ಬರೆದು, ಸಹಜ ತೋಳದ ಗುಂಪಿಗೆ 'ಆಲ್ಫಾ' ಎಂಬ ಹಣೆಪಟ್ಟಿ ಹೊಂದುವುದಿಲ್ಲ ಎಂದರು. ತಮ್ಮ ಹಳೆಯ ಪುಸ್ತಕದ ಅಚ್ಚು ನಿಲ್ಲಿಸಿ ಎಂದು ಪ್ರಕಾಶಕರನ್ನೇ ಕೇಳಿಕೊಂಡರು. ನಾನು ಓದಿರುವ ವಿದ್ವಾಂಸರಲ್ಲಿ ಇಷ್ಟು ಪ್ರಾಮಾಣಿಕತೆ ತೋರಿದವರು ವಿರಳ.

ಅಷ್ಟರಲ್ಲಿ ಮಾತು ಕೈಮೀರಿತ್ತು. ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು ಜರ್ಮನ್ ಶೆಫರ್ಡ್ ಸಾಕುವುದರಲ್ಲಿ ಹೆಸರಾದವರು. 1978ರ ತಮ್ಮ ಪುಸ್ತಕದಲ್ಲಿ, ಎದುರು ನಿಲ್ಲುವ ನಾಯಿಯನ್ನು ಅಂಗಾತ ಕೆಡವಿ ಅದುಮಿ ಹಿಡಿಯುವ ಉಪಾಯವನ್ನು ಅವರು ಹೇಳಿಕೊಟ್ಟರು. 2002ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ತೋಳತಜ್ಞರು ಹಿಂದೆಗೆದರು, ಸನ್ಯಾಸಿಗಳು ಹಿಂದೆಗೆದರು. ನಮ್ಮ ಮೈದಾನದಲ್ಲಿ ಮಾತ್ರ 'ಆಲ್ಫಾ' ಇವತ್ತಿಗೂ ಪಾಠ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಿರುವ ರಾಜ್ಯ ನಮ್ಮದು. ತೋಳದ ಹೆಸರಿನಲ್ಲಿ ಕಲಿಸುವವರು ಆ ಕಡೆಯ ಕುರಿಗಾಹಿಗಳನ್ನು ಒಮ್ಮೆ ಮಾತಾಡಿಸಿದರೂ ಸಾಕಿತ್ತು.

ಇಷ್ಟನ್ನು ಬರೆದು ಮುಗಿಸುವವನಿದ್ದೆ. ಆದರೆ ಒಂದು ಸಂದೇಹ ಬಿಡಲಿಲ್ಲ. ಆ ಮೇಷ್ಟ್ರು ನಾಳೆಯೇ ಆಲ್ಫಾ ಬಿಟ್ಟು ಬಿಸ್ಕತ್ತು ಹಿಡಿದರು ಎನ್ನೋಣ. ಏಟಿಲ್ಲ, ಎಳೆದಾಟವಿಲ್ಲ. ಬಹಳ ಒಳ್ಳೆಯದು, ಆಗಲೇಬೇಕಾದದ್ದು. ಆದರೆ ಪಾಠದ ಪಟ್ಟಿ? ಕೂರು, ಮಲಗು, ಅಲ್ಲೇ ಇರು, ಪಕ್ಕದಲ್ಲೇ ನಡೆ, ಕರೆದರೆ ಬಾ. ಕೊನೆಯದೊಂದನ್ನು ಬಿಟ್ಟರೆ ಎಲ್ಲವೂ ಏನನ್ನಾದರೂ ಮಾಡದೆ ಇರುವುದರ ಪಾಠ. ಹೇಗೆ ಕಲಿಸುತ್ತಾರೆ ಎಂದು ನಾನು ಇಷ್ಟು ಹೊತ್ತು ಜಗಳವಾಡಿದೆ. ಏನನ್ನು ಕಲಿಸುತ್ತಾರೆ, ಯಾಕೆ ಎಂದು ಕೇಳಲೇ ಇಲ್ಲ.

ಈ ಪಟ್ಟಿಗೂ ಒಂದು ಚರಿತ್ರೆಯಿದೆ. ನಾಯಿಗೆ ಕಲಿಸುವುದು ಹಳೆಯ ವಿದ್ಯೆಯೇ, ಆದರೆ ಅದು ಯಾವಾಗಲೂ ಒಂದು ಕೆಲಸಕ್ಕಾಗಿ ಇತ್ತು: ಬೇಟೆ, ಕಾವಲು, ಮಂದೆ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಪ್ರಸಿದ್ಧ ಕೈಪಿಡಿ ಕಠೋರವಾದದ್ದು. ಆದರೂ ಅದರ ಕಣ್ಣಿದ್ದದ್ದು ಪೊಲೀಸ್ ನಾಯಿಯ ಕೆಲಸದ ಮೇಲೆ. ವಿಧೇಯತೆಯೇ ಒಂದು ಬೇರೆ ವಿಷಯವಾಗಿ, ಅದಕ್ಕೊಂದು ಪರೀಕ್ಷೆ, ಅಂಕ ಅಮೆರಿಕದಲ್ಲಿ ಶುರುವಾದದ್ದು 1933ರಲ್ಲಿ. ಹೆಲೆನ್ ವೈಟ್‌ಹೌಸ್ ವಾಕರ್ ಎಂಬ ಮಹಿಳೆ ಪೂಡ್ಲ್ ನಾಯಿಗಳನ್ನು ಸಾಕುತ್ತಿದ್ದರು. ಅವು ಬರೀ ಅಂದಕ್ಕೆ ಎನ್ನುವವರಿಗೆ ಅವುಗಳ ಬುದ್ಧಿ ತೋರಿಸಬೇಕೆಂದು ಇಂಗ್ಲೆಂಡಿನ ಮಾದರಿ ನೋಡಿ ಮೌಂಟ್ ಕಿಸ್ಕೋದಲ್ಲಿ ಸ್ಪರ್ಧೆ ನಡೆಸಿದರು. 1936ರಲ್ಲಿ ಅಮೆರಿಕನ್ ಕೆನ್ನೆಲ್ ಕ್ಲಬ್ ಅದನ್ನು ಒಪ್ಪಿಕೊಂಡಿತು. ಮರುವರ್ಷ ವಾಕರ್ ಮತ್ತು ಬ್ಲಾಂಚ್ ಸಾಂಡರ್ಸ್ ಕಾರಿಗೆ ಟ್ರೇಲರ್ ಕಟ್ಟಿ, ನಾಯಿಗಳೊಂದಿಗೆ ದೇಶ ಸುತ್ತಿ ಪ್ರದರ್ಶನ ಕೊಟ್ಟರು. ವಾಕರ್ ಅವರ ಉದ್ದೇಶವನ್ನು ಗಮನಿಸಿ: ಕೆಲಸವಿಲ್ಲದ ನಾಯಿಗೂ ಬುದ್ಧಿಯಿದೆ ಎಂದು ತೋರಿಸುವುದು. ನಾಯಿಯ ಪರವಾಗಿ ಹುಟ್ಟಿದ ಪರೀಕ್ಷೆ ನಮ್ಮಲ್ಲಿಗೆ ಬರುವಾಗ ನಾಯಿಯನ್ನು ಸುಮ್ಮನಿರಿಸುವ ಉಪಾಯವಾಗಿದೆ.

ಕೆಲಸವಿದ್ದ ನಾಯಿಯ ಮಾತು ಬಂದ ಮೇಲೆ ನನ್ನ ಆತಕೂರಿನ ಶಾಸನಕ್ಕೆ ಬರುತ್ತೇನೆ. ಬರದೆ ಇರಲಾರೆನೆಂದು ಓದುಗರು ಬಲ್ಲರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಶಕವರ್ಷ 872ರದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನನ್ನು ಗಂಗ ದೊರೆ ಬೂತುಗ ಮೆಚ್ಚಿ ಏನು ಬೇಕೆಂದಾಗ, ಅವನು ಬೇಡಿದ್ದು ದೊರೆಯ ನಾಯಿ ಕಾಳಿಯನ್ನು. ಕೆಳಲೆನಾಡಿನ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದ. ಮನುಷ್ಯ ಮೊದಲು ಉಣ್ಣಬೇಕು, ನಾಯಿ ಆಮೇಲೆ ಎನ್ನುವವರಿಗೆ ನಾನು ತೋರಿಸಬೇಕೆಂದಿರುವುದು ಈ ಸಾಲನ್ನು. ಕಾಳಿ ಹೇಳಿದಂತೆ ಕೇಳುತ್ತಿತ್ತು ಎಂದು ಶಾಸನ ಎಲ್ಲೂ ಹೊಗಳುವುದಿಲ್ಲ. ಅದರ ಮಾನವಿರುವುದು ಅದು ಮಾಡಿದ ಕೆಲಸದಲ್ಲಿ. ಅಂಥ ರಕ್ತದ ಕೆಲಸ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಕಾಳಿಗೆ ಒಂದು ಕೆಲಸವಿತ್ತು, ಫ್ಲಾಟಿನ ಲ್ಯಾಬ್ರಡಾರಿಗೆ ಇಲ್ಲ. ಬದಲಿಗೆ ನಾವು ಅದಕ್ಕೆ ಕ್ಲಾಸು ಕೊಟ್ಟಿದ್ದೇವೆ.

ಕೆಲಸ ಹೋದರೂ ಪ್ರಾಣಿಯ ಸ್ವಭಾವ ಹೋಗುವುದಿಲ್ಲ. ಮನೋವಿಜ್ಞಾನಿ ಸ್ಕಿನ್ನರ್ ಅವರ ಶಿಷ್ಯರಾದ ಬ್ರೆಲ್ಯಾಂಡ್ ದಂಪತಿ ಪ್ರಾಣಿಗಳಿಗೆ ಕಲಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದರು. 1961ರಲ್ಲಿ ತಮಗೆ ಎದುರಾದ ಸೋಲುಗಳನ್ನೇ ಅವರು ಪ್ರಬಂಧವಾಗಿ ಬರೆದರು. ಮರದ ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿತಿದ್ದ ಹಂದಿ, ದಿನ ಕಳೆದಂತೆ ನಾಣ್ಯವನ್ನು ದಾರಿಯಲ್ಲೇ ಬೀಳಿಸಿ ಮೂತಿಯಿಂದ ನೆಲ ಕೆದಕಿ ಎಬ್ಬಿಸತೊಡಗಿತು. ತಿಂಡಿ ಸಿಗುವುದು ತಡವಾದರೂ ಬಿಡಲಿಲ್ಲ. ಹಂದಿಯೊಳಗಿನ ಹಂದಿ ಪಾಠವನ್ನು ಮೀರಿ ಹೊರಬಂತು. ಹುಲ್ಲು ಮೂಸುತ್ತಿದ್ದ ಆ ಮರಿಯದೂ ಇದೇ. ಅದು ತುಂಟತನವಲ್ಲ, ಅದರ ಲೋಕ ಇರುವುದೇ ಮೂಗಿನಲ್ಲಿ.

ಕ್ಲಾಸುಗಳನ್ನು ಮುಚ್ಚಿ ಎನ್ನುವುದಿಲ್ಲ. ಬೆಂಗಳೂರಿನ ರಸ್ತೆಯಲ್ಲಿ 'ಬಾ' ಎಂದರೆ ಬರುವ ನಾಯಿ ಬದುಕುತ್ತದೆ, ಬರದ್ದು ಚಕ್ರಕ್ಕೆ ಸಿಗುತ್ತದೆ. ಮರಿಗಳು ಅಪರಿಚಿತರಿಗೆ, ಸದ್ದಿಗೆ, ಬೇರೆ ನಾಯಿಗಳಿಗೆ ಒಗ್ಗಿಕೊಳ್ಳುವ ಹೊತ್ತು ಬಹಳ ಸಣ್ಣದು: ನಾಯಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ತೋರಿಸಿದಂತೆ ಸುಮಾರು ಮೂರರಿಂದ ಹನ್ನೆರಡು ವಾರ. ಡಾಕ್ಟರನ್ನು ಕೇಳಿ, ಲಸಿಕೆ ನೋಡಿಕೊಂಡು, ಆ ವಯಸ್ಸಿನಲ್ಲಿ ನಾಲ್ಕು ಜನರ ನಡುವೆ ತಂದರೆ ಅದೇ ದೊಡ್ಡ ಪಾಠ.

ನಾನು ಕೇಳುವುದು ಇಷ್ಟೇ. ಒಂದು ಗಂಟೆಯ ಕ್ಲಾಸಿನಲ್ಲಿ ಇಪ್ಪತ್ತು ನಿಮಿಷ ಮೂಗಿಗೆ ಕೊಡಿ. ನಾಲ್ಕು ಹೂಕುಂಡ ಕವುಚಿ, ಒಂದರಡಿ ಬೇಯಿಸಿದ ಕೋಳಿಯ ಚೂರಿಟ್ಟು, ಬೆಲ್ಟು ಸಡಿಲ ಬಿಟ್ಟು, ಹುಡುಕು ಎನ್ನಿ. ಸಾಕಿದವರು ಹಿಂದೆ ನಡೆಯಲಿ, ನಾಯಿ ಮುಂದೆ ಹೋಗಲಿ. ಮುಧೋಳ ನಾಯಿ ತಂದು ಮೂರನೇ ಮಹಡಿಯಲ್ಲಿ ಕಟ್ಟಿರುವವರು ವಾರಕ್ಕೊಮ್ಮೆಯಾದರೂ ಅದು ಮೈಬಿಚ್ಚಿ ಓಡಲು ಬೇಲಿಯಿರುವ ಬಯಲೊಂದನ್ನು ಹುಡುಕಿಕೊಳ್ಳಲಿ. ಈ ಭಾನುವಾರ ಮೈದಾನಕ್ಕೆ ಹೋಗಿ ಆ ಮೇಷ್ಟ್ರ ಹತ್ತಿರ ಹೂಕುಂಡಗಳ ವಿಷಯ ಮಾತಾಡುತ್ತೇನೆ. ಕುಂಡಗಳು ನಮ್ಮ ಮನೆಯಲ್ಲೇ ಇವೆ.