ಮಕ್ಕಳ ಕಥೆಯೂ ಹಿರಿಯರ ಅಂಜಿಕೆಯೂ

ಮಕ್ಕಳಿಗೆಂದು ಬರೆದ ಕಾದಂಬರಿಯೊಂದು ಚಲಚ್ಚಿತ್ರವಾದಾಗ, ಅದು ಮೂಲದಿಂದ ಎಷ್ಟು ದೂರ ಸರಿಯಿತೆಂದು ಅಳೆಯಹೊರಡುವುದು ವಿಮರ್ಶೆಯ ವಾಡಿಕೆ. ಆದರೆ ಆ ಅಳತೆ ನನಗೆ ಸಮರ್ಪಕವೆಂದು ತೋರದು. ನುಡಿಯ ಕಲೆಯಿಂದ ಬಿಂಬದ ಕಲೆಗೆ ದಾಟುವ ಕೃತಿ ಕೆಲವನ್ನು ತೊರೆಯಲೇಬೇಕು, ಕೆಲವನ್ನು ಕೂಡಿಸಿಕೊಳ್ಳಲೇಬೇಕು. ಕಾದಂಬರಿಕಾರನು ಎಳೆಯ ಓದುಗನಲ್ಲಿ ಇರಿಸಿದ ವಿಶ್ವಾಸವನ್ನು ಚಿತ್ರ ಕೈಗೊಂಡವರೂ ಇರಿಸಿದರೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಆಂಗ್ಲ ಲೇಖಕ ಫಿಲಿಪ್ ಪುಲ್‌ಮನ್ನರು 1995ರಲ್ಲಿ ಪ್ರಕಟಿಸಿದ ‘ನಾರ್ದರ್ನ್ ಲೈಟ್ಸ್’ ಕಾದಂಬರಿ, ಸುಮಾರು 18 ಕೋಟಿ ಡಾಲರುಗಳ ವೆಚ್ಚದಲ್ಲಿ, ಕ್ರಿಸ್ ವೈಟ್ಸರ ನಿರ್ದೇಶನದಲ್ಲಿ, 2007ರಲ್ಲಿ ‘ದಿ ಗೋಲ್ಡನ್ ಕಂಪಾಸ್’ ಎಂಬ ಚಿತ್ರವಾಯಿತು. ಆ ಕಥೆಯ ಲೋಕದಲ್ಲಿ ಮನುಷ್ಯನ ಆತ್ಮವು ದೇಹದ ಹೊರಗೆ, ‘ಡೀಮನ್’ ಎಂಬ ಹೆಸರಿನಲ್ಲಿ, ಪ್ರಾಣಿಯಾಗಿ ಜೊತೆಯಲ್ಲೇ ಸಂಚರಿಸುತ್ತದೆ. ಬಾಲ್ಯದಲ್ಲಿ ಕ್ಷಣಕ್ಕೊಂದು ರೂಪ ತಾಳುವ ಅದು ಪ್ರಾಯ ಬಂದಾಗ ಒಂದೇ ರೂಪದಲ್ಲಿ ನೆಲೆಗೊಳ್ಳುತ್ತದೆ. ಧರ್ಮಪೀಠದ ಆಶ್ರಯದಲ್ಲಿ ಕೆಲವರು ಮಕ್ಕಳನ್ನು ಕದ್ದೊಯ್ದು, ಉತ್ತರದ ಹಿಮಪ್ರದೇಶದಲ್ಲಿ, ಮಗುವನ್ನೂ ಅದರ ಡೀಮನನ್ನೂ ಕತ್ತರಿಸಿ ಬೇರ್ಪಡಿಸುತ್ತಾರೆ.

ಹಾಗೆ ಬೇರ್ಪಟ್ಟ ಟೋನಿ ಎಂಬ ಹುಡುಗನನ್ನು ಬಾಲನಾಯಕಿ ಲೈರಾ ಕಂಡುಹಿಡಿಯುವ ಪ್ರಸಂಗವನ್ನು ಓದಿದವರು ಮರೆಯಲಾರರು. ಕತ್ತಲಲ್ಲಿ ಮುದುರಿ ಕುಳಿತ ಆ ಬಾಲಕ, ಕಳೆದುಹೋದ ಡೀಮನಿನ ಸ್ಥಾನದಲ್ಲಿ, ಒಂದು ಒಣಮೀನನ್ನು ಎದೆಗೆ ಅವಚಿಕೊಂಡಿದ್ದಾನೆ. ಅವನು ಸತ್ತ ಮೇಲೆ, ಅದರ ಬೆಲೆಯರಿಯದ ಹಿರಿಯರು ಆ ಮೀನನ್ನು ನಾಯಿಗಳಿಗೆ ಹಾಕಿಬಿಟ್ಟರೆಂದು ತಿಳಿದು ಕೋಪದಿಂದ ಉರಿದೆದ್ದ ಲೈರಾ, ಒಂದು ಚಿನ್ನದ ನಾಣ್ಯದ ಮೇಲೆ ಅವನ ಡೀಮನಿನ ಹೆಸರನ್ನು ಗೀಚಿ, ಅದನ್ನು ಅವನ ಬಾಯಲ್ಲಿರಿಸುತ್ತಾಳೆ. ಆತ್ಮನಾಶವೆಂಬ ತತ್ತ್ವವು ಒಂದು ತುಂಡು ಮೀನಿನಲ್ಲಿ ಹೀಗೆ ಮೂರ್ತಗೊಂಡುದನ್ನು ಹತ್ತು ವರ್ಷದ ಓದುಗನೂ ವ್ಯಾಖ್ಯಾನದ ನೆರವಿಲ್ಲದೆ ಗ್ರಹಿಸಬಲ್ಲನು.

ಚಿತ್ರದಲ್ಲಿ ಟೋನಿಯ ಸ್ಥಾನಕ್ಕೆ ಬಿಲ್ಲಿ ಎಂಬ ಮತ್ತೊಬ್ಬ ಹುಡುಗ ಬರುತ್ತಾನೆ. ಅವನು ತಾಯಿಯ ತೋಳು ಸೇರುತ್ತಾನೆ. ಶೋಕಕ್ಕೆ ಅವಕಾಶವೀಯದೆ ಕಥೆ ಮುಂದಿನ ಕಾಳಗಕ್ಕೆ ಧಾವಿಸುತ್ತದೆ. ಕವಚಧಾರಿ ಹಿಮಕರಡಿಗಳು ಅದ್ಭುತವಾಗಿವೆ. ದೃಶ್ಯಪರಿಣಾಮಗಳಿಗೆ ಆಸ್ಕರ್ ಸಂದುದು ನ್ಯಾಯವೇ. ಆದರೆ ಆ ಕರಡಿಗಳಿಗಾಗಿ ತೆತ್ತ ಹಣವೇ ಅಂಜಿಕೆಯನ್ನೂ ತಂದಿತೆಂದು ನನ್ನ ಎಣಿಕೆ. ಅಷ್ಟು ದೊಡ್ಡ ಬಂಡವಾಳ ಮರಳಬೇಕಾದರೆ ಯಾರ ಮನಸ್ಸೂ ನೋಯಬಾರದು, ಯಾವ ಮಗುವೂ ಅಳುತ್ತ ಹೊರಬರಬಾರದು. ಧರ್ಮಪೀಠದ ಮೇಲಿನ ಟೀಕೆಯೂ ಮಸುಕಾಗಬೇಕು. ಹೀಗೆ ಮಸುಕುಗೊಳಿಸಿದರೂ ಅಮೆರಿಕದ ಕ್ಯಾಥೊಲಿಕ್ ಸಂಘಟನೆಯೊಂದು ಬಹಿಷ್ಕಾರಕ್ಕೆ ಕರೆಯಿತ್ತಿತು. ಕಾದಂಬರಿಯನ್ನು ಪ್ರೀತಿಸಿದವರೂ ಮುನಿದರು. ಆ ದೇಶದಲ್ಲಿ ಗಳಿಕೆ ಸುಮಾರು 7 ಕೋಟಿ ಡಾಲರಿಗೆ ನಿಂತಿತು.

ಮಕ್ಕಳು ದುಃಖವನ್ನು ತಾಳಲಾರರೆಂಬ ಮಾತನ್ನು ನಾನು ಒಪ್ಪಲಾರೆ. ಗೋವಿನ ಹಾಡನ್ನು ಕೇಳುತ್ತ ಬೆಳೆದ ನಾವು, ಪಶ್ಚಾತ್ತಾಪದಿಂದ ಪ್ರಾಣಬಿಟ್ಟ ಹುಲಿಗಾಗಿಯೂ ಅತ್ತವರಲ್ಲವೆ? ಆ ಕಣ್ಣೀರು ನಮ್ಮನ್ನು ಕುಗ್ಗಿಸಲಿಲ್ಲ. ಶತ್ರುವಿನಲ್ಲಿಯೂ ಕರುಣೆಯಿಡುವ ಶಕ್ತಿಯನ್ನು ಅದೇ ನಮಗೆ ಮೊದಲು ಕಲಿಸಿತು.

ಕಾದಂಬರಿಯ ಅಂತ್ಯದಲ್ಲಿ ಲೈರಾ ತನ್ನ ಗೆಳೆಯ ರೋಜರನನ್ನು ಬಿಡಿಸಿ, ನಂಬಿದ ತಂದೆಯ ಬಳಿಗೆ ಕರೆದೊಯ್ಯುತ್ತಾಳೆ. ಬೇರೊಂದು ಲೋಕದ ದಾರಿ ತೆರೆಯುವ ಹಂಬಲದಲ್ಲಿ ಆ ತಂದೆಯೇ ರೋಜರನನ್ನು ಬಲಿಗೊಡುತ್ತಾನೆ. ಸದುದ್ದೇಶವೂ ಸರ್ವನಾಶಕ್ಕೆ ದಾರಿಯಾಗಬಹುದೆಂಬ ಆ ಘೋರ ಅರಿವಿಗಾಗಿಯೇ ಹಿಂದಿನ ಪಯಣವೆಲ್ಲ ನಡೆದಿತ್ತು. ಚಿತ್ರವಾದರೋ ಅದಕ್ಕೆ ಮುನ್ನವೇ, ಇಬ್ಬರೂ ಆಕಾಶಯಾನದಲ್ಲಿ ಆಶಾವಾದದ ಮಾತಾಡುತ್ತಿರುವಾಗಲೇ, ಮುಗಿಯುತ್ತದೆ. ಕೊನೆಯ ಅಧ್ಯಾಯಗಳನ್ನು ಚಿತ್ರೀಕರಿಸದೆ ಇರಲಿಲ್ಲ. ಚಿತ್ರೀಕರಿಸಿ, ಮುಂದಿನ ಭಾಗಕ್ಕೆಂದು ತೆಗೆದಿರಿಸಿದರು. ಆ ಮುಂದಿನ ಭಾಗವು ತಯಾರಾಗಲೇ ಇಲ್ಲ.